ಮುರುಗಲು ತುಪ್ಪದ ಕ್ರೀಮು: ನೀರು ಸೇರಿಸುವಾಗ ಜೋಕೆ

ಮುರುಗಲಿನ ಸಿಪ್ಪೆ ತೆಗೆದುಕೊಂಡು ಬೀಜ ಎಸೆಯುವವರೇ ಹೆಚ್ಚು. ಆ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ನಮ್ಮ ಮಲೆನಾಡಿನಲ್ಲಿ ಹಿಮ್ಮಡಿ ಒಡಕಿಗೆ ಇದೇ ಮದ್ದು.

ಬೆಂಗಳೂರಿನ ಬನಶಂಕರಿಯಲ್ಲಿರುವ ತಂಗಿಗೆ ಚಳಿಗಾಲದಲ್ಲಿ ಒಂದು ಉಂಡೆ ಕಳಿಸುವುದು ರೂಢಿ. "ಅಣ್ಣಾ, ಕಲ್ಲಿನ ಹಾಗಿದೆ. ಹಚ್ಚಿದ್ರೆ ಜಿಡ್ಡು. ಆಫೀಸಿಗೆ ಹೋಗೋಕಾಗಲ್ಲ" ಎಂದಳು. ನಿಜವೇ. ಈ ತುಪ್ಪ ಕರಗಲು 38-40 ಡಿಗ್ರಿ ಬೇಕು. ಸರಿ, ಕ್ರೀಮು ಮಾಡೋಣ ಎಂದು ಹೊರಟೆ.

ತುಪ್ಪಕ್ಕೆ ಜೇನುಮೇಣ, ನೀರು ಹಾಕಿ ಕಡೆದೆ. ಸಂಜೆಗೆ ನೀರು ಬೇರೆ, ಜಿಡ್ಡು ಬೇರೆ! ಜೇನುಮೇಣ ಎಣ್ಣೆಯನ್ನು ಗಟ್ಟಿ ಮಾಡುತ್ತದೆ, ಅಷ್ಟೆ. ನೀರನ್ನು ಹಿಡಿದಿಡುವ ಗುಣ ಅದಕ್ಕಿಲ್ಲ.

ಹಾಲನ್ನೇ ನೋಡಿ. ನೀರಿನಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿಗಳು. ಒಂದಕ್ಕೊಂದು ಅಂಟದಂತೆ ಪ್ರತಿ ಹನಿಗೂ ತೆಳು ಪೊರೆ. ಕ್ರೀಮಿಗೂ ಅಂಥದ್ದೊಂದು ಬೇಕು. ಒಂದು ತುದಿ ನೀರಿಗೆ, ಇನ್ನೊಂದು ಎಣ್ಣೆಗೆ ಒಗ್ಗುವ ಪದಾರ್ಥ. ಅದೇ ಎಮಲ್ಸಿಫೈಯರ್. ಆಲಿವ್ ಎಣ್ಣೆಯಿಂದ ಮಾಡಿದ್ದು ಸಿಗುತ್ತದೆ. ಪೊಟ್ಟಣದ ಮೇಲೆ ಸೆಟಿಯರಿಲ್ ಆಲಿವೇಟ್, ಸಾರ್ಬಿಟಾನ್ ಆಲಿವೇಟ್ ಎಂದು ಬರೆದಿರುತ್ತದೆ.

100 ಗ್ರಾಂ ಕ್ರೀಮಿಗೆ ನನ್ನ ಲೆಕ್ಕ:

ಮುರುಗಲು ತುಪ್ಪ 12 ಗ್ರಾಂ, ಕೊಬ್ಬರಿ ಎಣ್ಣೆ 12, ಎಮಲ್ಸಿಫೈಯರ್ 7, ಕುದಿಸಿ ಆರಿಸಿದ ನೀರು 64, ಗ್ಲಿಸರಿನ್ 4, ಫಿನಾಕ್ಸಿಎಥೆನಾಲ್ ಇರುವ ಸಂರಕ್ಷಕ 1.

ತುಪ್ಪ, ಎಣ್ಣೆ, ಎಮಲ್ಸಿಫೈಯರ್ ಒಂದು ಪಾತ್ರೆಯಲ್ಲಿ. ನೀರು, ಗ್ಲಿಸರಿನ್ ಇನ್ನೊಂದರಲ್ಲಿ. ಎರಡನ್ನೂ ಬಿಸಿನೀರಿನ ಬಾಣಲೆಯಲ್ಲಿಟ್ಟು 70-75 ಡಿಗ್ರಿಗೆ ತನ್ನಿ. ಒಂದು ತಣ್ಣಗಿದ್ದರೆ ಕ್ರೀಮು ಒಡೆಯುತ್ತದೆ. ಎಣ್ಣೆಯನ್ನು ನೀರಿಗೆ ಸುರಿದು ಕೈ ಬ್ಲೆಂಡರಿನಲ್ಲಿ ಕಡೆಯಿರಿ. ಆಮೇಲೆ ಆರುವ ತನಕ ತಿರುವುತ್ತಿರಿ. 40 ಡಿಗ್ರಿಗೆ ಇಳಿದಾಗ ಸಂರಕ್ಷಕ ಹಾಕಿ.

ಸಂರಕ್ಷಕ ಯಾಕೆ? ಅದಿಲ್ಲದೆ ಮಾಡಿದ ಡಬ್ಬಿಯನ್ನು ತಂಗಿಗೆ ಕಳಿಸಿದ್ದೆ. ಎಂಟನೇ ದಿನ ಫೋನು: "ಅಣ್ಣಾ, ಬೂಷ್ಟು ಬಂದಿದೆ." ಒಡೆದ ಚರ್ಮಕ್ಕೆ ಅದನ್ನು ಹಚ್ಚಿದ್ದರೆ? ನೀರಿದ್ದಲ್ಲಿ ಸೂಕ್ಷ್ಮಜೀವಿ ಬಂದೇ ಬರುತ್ತದೆ. ಲೋಳೆಸರದ ರಸ ಹಾಕಿದರೆ ಇನ್ನೂ ಬೇಗ. ಕಣ್ಣಿಗೆ ಕಾಣುವ ಮೊದಲೇ ಕೆಟ್ಟಿರಬಹುದು. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡೆದೀತು, ಬೂಷ್ಟನ್ನಲ್ಲ.

ಇಷ್ಟೆಲ್ಲ ಬೇಡ ಎನ್ನುವವರು ನೀರನ್ನೇ ಬಿಡಿ. ತುಪ್ಪದ ನೀರಂಶ ಪೂರ್ತಿ ಹೋಗುವಂತೆ ಕಾಯಿಸಿ. ಸಮತೂಕ ಕೊಬ್ಬರಿ ಎಣ್ಣೆ ಬೆರೆಸಿ, ಒಣ ಡಬ್ಬಿಗೆ ಹಾಕಿ. ಜಿಡ್ಡು ಇರುತ್ತದೆ. ಆದರೆ ಮೆದು, ಬೂಷ್ಟಿನ ಭಯವೂ ಇಲ್ಲ. ರಾತ್ರಿ ಹಿಮ್ಮಡಿಗೆ ಹಚ್ಚಲು ಇದೇ ಸಾಕು.

ಜಯನಗರದ ಪರಿಚಯದವರು ಕೇಳಿದರು ಎಂದು ಮಾರಲು ಹೊರಡಬೇಡಿ. ಮಾರಾಟಕ್ಕೆ ತಯಾರಿಸಬೇಕಾದರೆ 2020ರ ಕಾಸ್ಮೆಟಿಕ್ಸ್ ನಿಯಮದಂತೆ ಪರವಾನಗಿ ಬೇಕು. ಮನೆಮಂದಿಗೆ ಮಾಡಿಕೊಳ್ಳಿ. ಮಾರುವುದಾದರೆ ಶುದ್ಧ ತುಪ್ಪವನ್ನು ಪರವಾನಗಿ ಇರುವ ತಯಾರಕರಿಗೆ ಕೊಡುವ ದಾರಿ ನೋಡಿ. ಈ ಮಳೆಗಾಲದ ಮೊದಲು ಬೀಜ ಒಣಗಿಸಿಡಲು ಮರೆಯಬೇಡಿ.