ಟಿಸಿ ಸಿಕ್ಕಿತು, ಆದರೆ ಈ ವರ್ಷ ಆಡುವಂತಿಲ್ಲ!

ಬೇಗಂಪೇಟೆ: ತಂದೆಗೆ ವರ್ಗ, ಮಗನಿಗೆ ಟಿಸಿ, ಸಾಮಾನು ತುಂಬಿದ ಲಾರಿ. ಹೈದರಾಬಾದಿನ ಕನ್ನಡಿಗರಿಗೆ ಇದು ಹೊಸತಲ್ಲ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಈ ಓಡಾಟ ತಲೆಮಾರುಗಳದ್ದು. ಆದರೆ ಮಗನೋ ಮಗಳೋ ವಿಶ್ವವಿದ್ಯಾಲಯ ತಂಡದಲ್ಲಿ ಆಡುವವರಾಗಿದ್ದರೆ ಟಿಸಿ ಒಂದೇ ಸಾಲದು ಎಂಬುದು ಎಷ್ಟೋ ಪಾಲಕರಿಗೆ ಗೊತ್ತಾಗುವುದು ತಡವಾಗಿ.

ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಅದರ ನಿಯಮದಂತೆ ಒಂದು ಶೈಕ್ಷಣಿಕ ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ಒಂದೇ ವಿಶ್ವವಿದ್ಯಾಲಯದ ಪರ ಆಡಬಹುದು. ಉದಾಹರಣೆಗೆ, ಕಲಬುರಗಿಯಲ್ಲಿ ಬಿ.ಕಾಂ. ಓದುತ್ತ ಗುಲ್ಬರ್ಗಾ ವಿಶ್ವವಿದ್ಯಾಲಯದ ಪರ ಕಬಡ್ಡಿಗೆ ಇಳಿದ ಹುಡುಗ ನಡುವೆ ಉಸ್ಮಾನಿಯಾಕ್ಕೆ ಸೇರಿದ ಕಾಲೇಜಿಗೆ ಬಂದನೆನ್ನಿ. ತರಗತಿಯಲ್ಲಿ ಕೂರಬಹುದು, ಮೈದಾನದಲ್ಲಿ ಅಭ್ಯಾಸವನ್ನೂ ಮಾಡಬಹುದು. ಉಸ್ಮಾನಿಯಾದ ಅಂಗಿ ತೊಟ್ಟು ಆಡಲು ಮಾತ್ರ ಮುಂದಿನ ವರ್ಷದವರೆಗೆ ಕಾಯಬೇಕು.

ವಯಸ್ಸಿಗೂ ಮಿತಿಯಿದೆ: 17ಕ್ಕಿಂತ ಕಡಿಮೆ, 25ಕ್ಕಿಂತ ಹೆಚ್ಚು ಇರಬಾರದು. ಪೂರ್ಣಾವಧಿ ವಿದ್ಯಾರ್ಥಿಯೇ ಆಗಿರಬೇಕು. ಪೂರ್ಣಾವಧಿ ನೌಕರಿಯಲ್ಲಿದ್ದವರಿಗೆ ಅವಕಾಶವಿಲ್ಲ. ಹಿಂದೆ ಕಪ್ ಗೆಲ್ಲಲೆಂದೇ ಹೆಸರಿಗೆ ಮಾತ್ರ ದಾಖಲಾಗುತ್ತಿದ್ದ 'ಹಿರಿಯ ವಿದ್ಯಾರ್ಥಿ'ಗಳ ಕಥೆ ಎಲ್ಲ ಊರಿನ ಕಾಲೇಜುಗಳಲ್ಲೂ ಇದೆ. ಅಂಥವನೊಬ್ಬ ತಂಡಕ್ಕೆ ಬಂದರೆ ಮೊದಲ ವರ್ಷದ ಹುಡುಗನೊಬ್ಬ ಹೊರಗುಳಿಯುತ್ತಾನೆ. ಆದ್ದರಿಂದ ನಿಯಮ ಬೇಕೇ ಬೇಕು. ಆಸೆಗೆ ಕಾಲೇಜು ಬದಲಿಸಿದವನನ್ನೂ ಅಪ್ಪನ ವರ್ಗದಿಂದ ಊರು ಬಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ಸರಿಯೆನಿಸದು.

ಬೇಗಂಪೇಟೆಗೆ ಆಟದ ನಂಟು ಹಳೆಯದು. ಇಲ್ಲಿನ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿದ ಹರ್ಷ ಭೋಗ್ಲೆ ಮೈಕು ಹಿಡಿಯುವ ಮುನ್ನ ಉಸ್ಮಾನಿಯಾ ಪರ ರೋಹಿಂಟನ್ ಬಾರಿಯಾ ಟ್ರೋಫಿಯಲ್ಲಿ ಆಡಿದವರು. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಕೂಡ ಇದೇ ಶಾಲೆಯ ಕ್ರಿಕೆಟ್ ತಂಡದವರು.

ಅಮೆರಿಕದಲ್ಲಿ ಗಾಳಿ ತಿರುಗಿ ಬೀಸಿದೆ. ಅಲ್ಲಿ ಫುಟ್ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರ ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು. 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲವಾದರೂ ಬದಲಿಸಬಹುದೆಂದಾಯಿತು. ಪರಿಣಾಮವಾಗಿ ವರ್ಷಕ್ಕೊಂದು ಕಾಲೇಜು ಬದಲಿಸುವವರು ಹೆಚ್ಚಿ, ಮತ್ತೆ ಕಡಿವಾಣ ಬೇಕೆಂಬ ಕೂಗೆದ್ದಿದೆ. ಐದು ವರ್ಷದಲ್ಲಿ ನಾಲ್ಕೇ ಋತು ಆಡಬೇಕೆಂಬ ಹಳೆಯ ನಿಯಮವೂ ನ್ಯಾಯಾಲಯದ ಮೆಟ್ಟಿಲೇರಿದೆ.

ನಮ್ಮ ಕ್ರಿಕೆಟ್‌ನಲ್ಲಿ ದಾರಿ ಬೇರೆ. ರಾಜ್ಯ ಬದಲಿಸುವ ಆಟಗಾರನಿಗೆ ಮೂಲ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದ ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋಗಿ 2025ರಲ್ಲಿ ಮರಳಿದರು. ಹನುಮ ವಿಹಾರಿ ಹೈದರಾಬಾದ್-ಆಂಧ್ರಗಳ ನಡುವೆ ಹೋಗಿ ಬಂದದ್ದು ಒಂದಕ್ಕಿಂತ ಹೆಚ್ಚು ಸಲ. ಹೆಸರು ಮಾಡಿದವರಿಗೆ ಬಾಗಿಲು ತೆರೆಯುತ್ತದೆ. ಹತ್ತೊಂಬತ್ತರ ಹುಡುಗನಿಗೆ ಕಳೆದ ಒಂದು ಋತುವೇ ದೊಡ್ಡದು.

ಏಕೆಂದರೆ ಕೇಂದ್ರ ಸರಕಾರದ ಕ್ರೀಡಾ ಕೋಟಾ ನೌಕರಿಗೆ ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆಡಿದ ಪ್ರಮಾಣಪತ್ರ ಅರ್ಹತೆಯಾಗುತ್ತದೆ. ಮೂರು ವರ್ಷದ ಪದವಿಯಲ್ಲಿ ಒಂದು ವರ್ಷ ತಪ್ಪಿದರೆ ಆ ಪತ್ರ ಗಳಿಸಲು ಉಳಿಯುವುದು ಎರಡೇ ಅವಕಾಶ.

ಊರು ಬದಲಿಸುವ ಪಾಲಕರು ಮಗ ಆ ವರ್ಷ ಹಳೆಯ ವಿಶ್ವವಿದ್ಯಾಲಯದ ಪರ ಆಡಿದ್ದಾನೆಯೇ, ಆಯ್ಕೆಯಲ್ಲಷ್ಟೇ ಭಾಗವಹಿಸಿದ್ದಾನೆಯೇ ಎಂಬುದನ್ನು ದೈಹಿಕ ಶಿಕ್ಷಣ ನಿರ್ದೇಶಕರಿಂದ ಬರವಣಿಗೆಯಲ್ಲಿ ಪಡೆದು, ಹತ್ತನೆಯ ತರಗತಿಯ ಅಂಕಪಟ್ಟಿಯೊಡನೆ ಹೊಸ ಕಾಲೇಜಿಗೆ ಕೊಡುವುದು ಒಳಿತು. ಅರ್ಹತಾ ನಮೂನೆಗೆ ಪ್ರಾಂಶುಪಾಲರ ಸಹಿ ಬೀಳುವ ಮೊದಲೇ ಈ ಕೆಲಸ ಮುಗಿದಿರಬೇಕು.