ಸೆಕೆಂಡಿಗೆ ಒಂದು ಲಕ್ಷದ ಮೂವತ್ತು ಸಾವಿರ

ಕರ್ನಾಟಕ ಸರ್ಕಾರದ 2025-26ನೇ ಸಾಲಿನ ಬಜೆಟ್ 4,09,549 ಕೋಟಿ ರೂಪಾಯಿ. ಸಿದ್ದರಾಮಯ್ಯನವರು ಮಂಡಿಸಿದ 16ನೇ ಬಜೆಟ್ ಅದು. ನಾಲ್ಕು ಲಕ್ಷ ಕೋಟಿ ಎಂದರೆ ಯಾರ ಅಂದಾಜಿಗೂ ಸಿಗುವುದಿಲ್ಲ. ಭಾಗಿಸುತ್ತಾ ಬಂದರೆ ದಿನಕ್ಕೆ 1,122 ಕೋಟಿ, ಗಂಟೆಗೆ 46 ಕೋಟಿ 75 ಲಕ್ಷ, ನಿಮಿಷಕ್ಕೆ 78 ಲಕ್ಷ, ಸೆಕೆಂಡಿಗೆ 1 ಲಕ್ಷದ 30 ಸಾವಿರ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಒಬ್ಬ ಯಜಮಾನಿಗೆ ಗೃಹಲಕ್ಷ್ಮಿ ಗ್ಯಾರಂಟಿ ಯೋಜನೆಯಿಂದ ವರ್ಷಕ್ಕೆ ಬರಬೇಕಾದ 24,000 ರೂಪಾಯಿ ಸರ್ಕಾರದ ಪಾಲಿಗೆ ಸೆಕೆಂಡಿನ ಐದನೇ ಒಂದು ಭಾಗದ ಖರ್ಚೂ ಅಲ್ಲ.

ಅದೇ 24,000 ಮನೆಯೊಳಗೆ ಬಂದಾಗ ಎಷ್ಟು ದೊಡ್ಡದಾಗುತ್ತದೆ ನೋಡಿ. ಭೀಮಸಮುದ್ರ ಅಡಿಕೆಯ ಊರು, ಅಡಿಕೆ ಧಾರಣೆಗೆ ಹೆಸರಾದ ಊರು. ಕೊಯ್ಲಿನ ತಿಂಗಳುಗಳಲ್ಲಿ ಹೆಂಗಸರು ಖೇಣಿದಾರರ ಕಣದಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ. ಬೆರಳುಗಳಿಗೆ ಅಂಟಿದ ಚೊಗರಿನ ಕಪ್ಪು ಎಷ್ಟು ತೊಳೆದರೂ ಹೋಗುವುದಿಲ್ಲ. ಸುಲಿದಷ್ಟಕ್ಕೆ ಕೂಲಿ, ಕೊಯ್ಲು ಮುಗಿದರೆ ಆ ಕೂಲಿಯೂ ಮುಗಿಯಿತು. ಬೇಸಿಗೆಯಲ್ಲಿ ಕೈ ಖಾಲಿಯಾದಾಗ ತಪ್ಪದೆ ಬರುವ 2,000 ರೂಪಾಯಿ ಸಂಘದ ಕಂತು ಕಟ್ಟುತ್ತದೆ, ಮಗುವಿನ ಔಷಧಿ ತರುತ್ತದೆ. 2025ರಲ್ಲಿ ಐದು ಜನರ ಮನೆಗೆ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ತಿಂಗಳಿಗೆ 25 ಕಿಲೋ ಬರುತ್ತಿತ್ತು. ಅಕ್ಕಿಯ ಬದಲು ಹಣ ಕೊಡುತ್ತಿದ್ದಾಗ ಸರ್ಕಾರವೇ ಹಾಕಿದ್ದ ಕಿಲೋಗೆ 34 ರೂಪಾಯಿ ದರದಲ್ಲಿ ಅದು 850 ರೂಪಾಯಿ. ಕರೆಂಟ್ ಬಿಲ್ಲು, ಚಿತ್ರದುರ್ಗಕ್ಕೆ ಹೋಗಿಬರುವ ಸರ್ಕಾರಿ ಬಸ್ಸಿನ ಟಿಕೆಟ್ಟುಗಳಲ್ಲಿ ಉಳಿಯುವುದು ಬೇರೆ. ಇದನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರು ಒಂದು ಬೇಸಿಗೆಯಾದರೂ ಅಂಥ ಮನೆಯ ಜಮಾ-ಖರ್ಚು ಬರೆದು ನೋಡಲಿ.

ತಪ್ಪದೆ ಬರುವ ಎಂದೆ. ಆದರೆ 2025ರ ಫೆಬ್ರುವರಿ, ಮಾರ್ಚ್ ತಿಂಗಳ ಕಂತುಗಳು ಜಮೆಯಾಗಿಲ್ಲ ಎಂಬುದನ್ನು ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಸುಮಾರು 1.2 ಕೋಟಿ ಯಜಮಾನಿಯರಿಗೆ ತಲಾ 4,000 ಎಂದರೆ 4,800 ಕೋಟಿ: ರಾಜ್ಯಕ್ಕೆ ನಾಲ್ಕು ದಿನಕ್ಕಿಂತ ಸ್ವಲ್ಪ ಹೆಚ್ಚಿನ ಖರ್ಚು, ಮನೆಗೆ ಎರಡು ತಿಂಗಳ ಕಂತು ಬಾಕಿ.

ಒಂದು ಕೈಯಿಂದ ಬಂದದ್ದರಲ್ಲಿ ಸ್ವಲ್ಪ ಇನ್ನೊಂದು ಕೈಯಿಂದ ಹೋಗುತ್ತದೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಏರಿತು. 2025ರ ಜನವರಿಯಲ್ಲಿ ಬಸ್ ದರ ಶೇ 15, ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದವು. ದಿನಕ್ಕೆ ಒಂದು ಲೀಟರ್ ಹಾಲು ಕೊಳ್ಳುವ ಮನೆಗೆ ತಿಂಗಳಿಗೆ 120 ರೂಪಾಯಿ ಹೆಚ್ಚು. ಬಜೆಟ್ಟಿನ ಪ್ರತಿ ನೂರು ರೂಪಾಯಿಯಲ್ಲಿ 28 ಸಾಲದ್ದು. ಆ ವರ್ಷ ಎತ್ತಲು ಹೊರಟ ಸಾಲ 1,16,000 ಕೋಟಿ. ಅದನ್ನು ತೀರಿಸುವವರು ಈಗ ಶಾಲೆಗೆ ಹೋಗುತ್ತಿದ್ದಾರೆ.

ಆದರೂ ನಮ್ಮ ಸೀಮೆಯ ಮನೆಗಳನ್ನು ಮುರಿದದ್ದು ಹಾಲೂ ಅಲ್ಲ, ಪೆಟ್ರೋಲೂ ಅಲ್ಲ. ನೀರು. ಸಾವಿರ ಅಡಿ ಬೋರ್ ಕೊರೆಸಿ, ಅಡಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಒಂದು ಲಕ್ಷ. ಕೇಸಿಂಗು, ಮೋಟರು, ಪೈಪು ಲೆಕ್ಕಕ್ಕೆ ತಗೊಂಡಿಲ್ಲ. ಬರೀ ಧೂಳು ಬಂದರೆ ಗೃಹಲಕ್ಷ್ಮಿಯ 50 ಕಂತು, ನಾಲ್ಕು ವರ್ಷದ ಮೇಲೆ ಎರಡು ತಿಂಗಳ ಹಣ, ಒಂದೇ ದಿನದಲ್ಲಿ ಮಣ್ಣುಪಾಲು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ 2023ರ ನಂತರದ ಬೇಸಿಗೆಯಲ್ಲಿ ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹೊಡೆಸಿದವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ಇದಕ್ಕೆ ಮದ್ದು ಎಂದು ನಾವು ಕಾಯುತ್ತಿರುವುದು ಭದ್ರಾ ಮೇಲ್ದಂಡೆ ಯೋಜನೆಗೆ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು, ಒಟ್ಟು 29.9 ಟಿಎಂಸಿ. ಒಂದು ಟಿಎಂಸಿ ಅಂದರೆ 5,000 ಲೀಟರಿನ ಟ್ಯಾಂಕರಿನಲ್ಲಿ 56 ಲಕ್ಷಕ್ಕೂ ಹೆಚ್ಚು ಲೋಡು. 29.9 ಟಿಎಂಸಿಗೆ ಸುಮಾರು 17 ಕೋಟಿ ಲೋಡು! ಬೇಸಿಗೆಯಲ್ಲಿ ಒಂದೊಂದು ಲೋಡಿಗೆ ಕಾದು ನಿಂತವರು ಆ ಸಂಖ್ಯೆಯನ್ನು ಇನ್ನೊಮ್ಮೆ ಓದಿಕೊಳ್ಳಲಿ.

2015ರಲ್ಲಿ ಈ ಯೋಜನೆಯ ಅಂದಾಜು 12,340 ಕೋಟಿ. ಐದು ವರ್ಷದಲ್ಲಿ 21,473 ಕೋಟಿ. ಏರಿದ 9,133 ಕೋಟಿಯಲ್ಲಿ 38 ಲಕ್ಷ ಹೆಂಗಸರಿಗೆ ಇಡೀ ವರ್ಷ ಗೃಹಲಕ್ಷ್ಮಿ ಕೊಡಬಹುದಿತ್ತು. 2023ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್ 5,300 ಕೋಟಿ ಘೋಷಿಸಿತು. 2025ರ ರಾಜ್ಯ ಬಜೆಟ್ಟಿನ ಹೊತ್ತಿಗೂ ಅದು ಕೈಸೇರಿರಲಿಲ್ಲ. ಆ 5,300 ಕೋಟಿ ರಾಜ್ಯದ ಐದು ದಿನದ ಖರ್ಚಿಗೂ ಕಡಿಮೆ. ಇಡೀ ಯೋಜನೆಯ ಅಂದಾಜು 19 ದಿನದ್ದು. ಐದೂ ಗ್ಯಾರಂಟಿಗಳಿಗೆ ಒಂದೇ ವರ್ಷ ತೆಗೆದಿಟ್ಟ 51,034 ಕೋಟಿ ಅದರ ಎರಡೂಕಾಲು ಪಟ್ಟಿಗೂ ಹೆಚ್ಚು.

ಗ್ಯಾರಂಟಿ ನಿಲ್ಲಿಸಿ ಕಾಲುವೆ ಮಾಡಿ ಎಂದು ನಾನು ಹೇಳುತ್ತಿಲ್ಲ. 2025-26ರಲ್ಲಿ ದಿನಕ್ಕೆ 1,122 ಕೋಟಿ ಖರ್ಚಿಗೆ ಹೊರಟ ರಾಜ್ಯಕ್ಕೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಕೇಂದ್ರಕ್ಕೆ, ಎರಡನ್ನೂ ಮಾಡುವ ಶಕ್ತಿ ಇದೆ. ಓಟು ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ಎಷ್ಟು ಕೋಟಿ ತಂದಿರಿ ಎಂದು ಕೇಳಬೇಡಿ. ನಮ್ಮ ಕೆರೆಗೆ ನೀರು ಯಾವ ವರ್ಷ, ಯಾವ ತಿಂಗಳು ಬರುತ್ತದೆ ಎಂದು ಕೇಳಿ, ಹೇಳಿದ್ದನ್ನು ಬರೆಸಿಕೊಳ್ಳಿ.