ಆಪಿಯಾದ ಅಜ್ಜಿ

೧೯೭೧ರಲ್ಲಿ ಪಶ್ಚಿಮ ಸಮೋವಾ ಸರಕಾರ ಹೊರಡಿಸಿದ ಅಂಚೆಚೀಟಿಗಳಲ್ಲಿ ಒಂದರ ಮೇಲೆ ಹೆಂಗಸೊಬ್ಬಳ ಚಿತ್ರವಿತ್ತು. ಆಕೆ ಆ ನಾಡಿನ ರಾಣಿಯಲ್ಲ, ಮಂತ್ರಿಯ ಮಡದಿಯಲ್ಲ, ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡ ವೀರಮಹಿಳೆಯೂ ಅಲ್ಲ. ಹೊಳೆಯ ದಡದಲ್ಲಿ ಊಟ ವಸತಿಗಳ ಮನೆಯೊಂದನ್ನು ನಡೆಸುತ್ತಿದ್ದ, ಎಪ್ಪತ್ತು ದಾಟಿದ ಮುದುಕಿ. ಬದುಕಿರುವಾಗಲೇ ಅಂಚೆಚೀಟಿಯನ್ನೇರುವ ಭಾಗ್ಯ ಎಷ್ಟು ಮಂದಿ ಅಜ್ಜಿಯರಿಗೆ ಲಭಿಸೀತು? ಅವಳ ಹೆಸರು ಆ್ಯಗಿ ಗ್ರೇ. ಕನ್ನಡದ ಕಿವಿಗೆ ಆ ಹೆಸರು ‘ಅಜ್ಜಿ’ ಎಂದೇ ಕೇಳಿಸಿದರೆ ಅದೇನೂ ತಪ್ಪಲ್ಲ. ದಕ್ಷಿಣ ಸಾಗರದಲ್ಲಿ ಸುತ್ತಾಡಿದ ಎಷ್ಟೋ ಪರದೇಶಿಗಳ ಪಾಲಿಗೆ ಆಕೆ ಅಜ್ಜಿಯೇ ಆಗಿದ್ದಳು.

ಹವಾಯಿಗೂ ನ್ಯೂಜಿಲೆಂಡಿಗೂ ಸುಮಾರು ನಡುದಾರಿಯಲ್ಲಿ, ಶಾಂತಸಾಗರದ ನಟ್ಟನಡುವೆ ಇರುವ ದ್ವೀಪಗಳು ಸಮೋವಾ. ಅವುಗಳಲ್ಲಿ ಒಂದಾದ ಉಪೋಲುವಿನ ಉತ್ತರ ತೀರದಲ್ಲಿ ಆಪಿಯಾ ಎಂಬ ಬಂದರು. ೧೮೮೯ರ ಮಾರ್ಚಿಯಲ್ಲಿ ಈ ಪುಟ್ಟ ಬಂದರಿಗಾಗಿ ಜರ್ಮನಿಯ ಮೂರು, ಅಮೆರಿಕದ ಮೂರು ಯುದ್ಧನೌಕೆಗಳು ಪರಸ್ಪರ ದುರುಗುಟ್ಟಿಕೊಂಡು ನಿಂತಿದ್ದಾಗ, ಚಂಡಮಾರುತವೊಂದು ಎದ್ದು ಆರನ್ನೂ ಬಂಡೆಗೆ, ದಡಕ್ಕೆ ಅಪ್ಪಳಿಸಿತು. ಮನುಷ್ಯರ ಜಗಳವನ್ನು ಗಾಳಿ ತೀರಿಸಿದ ಆ ವರ್ಷವೇ ಇಂಗ್ಲೆಂಡಿನ ಲಿಂಕನ್‌ಶೈರಿನಿಂದ ವಿಲಿಯಂ ಸ್ವಾನ್ ಎಂಬ ಔಷಧ ವ್ಯಾಪಾರಿ ಅಲ್ಲಿಗೆ ಬಂದಿಳಿದನು. ತೋವಮುವಾ ಎಂಬ ಹಳ್ಳಿಯ ಪೆಲೆ ಎಂಬುವಳ ಕೈಹಿಡಿದು ಅಲ್ಲಿಯೇ ನೆಲೆಸಿದನು. ಇವರ ಮಗಳು ಆ್ಯಗ್ನೆಸ್ ೧೮೯೭ರ ಅಕ್ಟೋಬರ್ ೩೧ರಂದು ಹುಟ್ಟಿದಳು.

ಅವಳ ಆಯುಷ್ಯದ ಅಳತೆಯನ್ನು ವರ್ಷಗಳಿಗಿಂತ ಧ್ವಜಗಳಿಂದ ತಿಳಿಯುವುದು ಸುಲಭ. ಹುಟ್ಟಿದಾಗ ಹೆಸರಿಗಾದರೂ ಸಮೋವಾದ ದೊರೆಯಿದ್ದನು. ಮೂರು ತುಂಬುವ ಮೊದಲೇ, ೧೯೦೦ರಲ್ಲಿ, ಜರ್ಮನಿಯ ಬಾವುಟ ಏರಿತು. ೧೯೧೪ರ ಆಗಸ್ಟಿನಲ್ಲಿ ನ್ಯೂಜಿಲೆಂಡಿನ ಸೈನಿಕರು ಬಂದು ಅದನ್ನು ಇಳಿಸಿದರು. ೧೯೬೨ರ ಜನವರಿ ೧ರಂದು ನಾಡು ಸ್ವತಂತ್ರವಾಯಿತು. ‘ಪಶ್ಚಿಮ’ ಎಂಬ ವಿಶೇಷಣ ಉದುರಿ ದೇಶ ಬರಿಯ ಸಮೋವಾ ಆದದ್ದು ೧೯೯೭ರಲ್ಲಿ. ಅದನ್ನು ನೋಡಲು ಆಕೆ ಇರಲಿಲ್ಲ.

ಧ್ವಜ ಯಾವುದಾದರೂ ಆಗಲಿ, ಬಿಳಿಯ ತಂದೆ, ಸಮೋವಾದ ತಾಯಿ ಇದ್ದವರ ಪಾಡು ಎಡಬಿಡಂಗಿಯೇ. ಪರದೇಶದ ಆಡಳಿತದ ಕಾಲದಲ್ಲಿ ಇಂಥವರನ್ನು ತಂದೆಯ ಕಡೆಯಿಂದ ‘ಯೂರೋಪಿಯನ್’ ಎಂದು ದಾಖಲೆಯಲ್ಲಿ ಬರೆಯುತ್ತಿದ್ದರು. ಹಾಗೆ ಬರೆಸಿಕೊಂಡವರಿಗೆ ಕುಲದ ಭೂಮಿಯಲ್ಲಿ ಪಾಲಿಲ್ಲ, ‘ಮಟಾಯಿ’ ಎಂಬ ಕುಲನಾಯಕ ಪದವಿ ಇಲ್ಲ. ಬಿಳಿಯರಾದರೋ ತಮ್ಮ ಪಂಕ್ತಿಯಲ್ಲಿ ಇವರಿಗೆ ಎಲೆ ಹಾಕಲು ಹಿಂದೆಮುಂದೆ ನೋಡುತ್ತಿದ್ದರು. ಸಮೋವಾದಲ್ಲಿ ಮನುಷ್ಯನೆಂದರೆ ಮೊದಲು ಅವನ ‘ಐಂಗಾ’, ಅಂದರೆ ಬಂಧುಬಳಗ. ಬಳಗದ ನೆಲದ ಹೊರಗೆ ನಿಂತವಳು ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳಬೇಕಾಯಿತು.

ಅದಕ್ಕೆ ಮುಂಚೆ ಕಾಣಬೇಕಾದ ಕಷ್ಟಗಳೆಲ್ಲ ಬಂದುಹೋದವು. ೧೯೧೮ರ ನವೆಂಬರ್ ೭ರಂದು ‘ಟಲೂನ್’ ಎಂಬ ಹಡಗು ಆಕ್ಲೆಂಡಿನಿಂದ ಜ್ವರಪೀಡಿತರನ್ನು ಹೊತ್ತು ಆಪಿಯಾಕ್ಕೆ ಬಂದಿತು. ಅದನ್ನು ತಡೆಯಬೇಕಾಗಿದ್ದ ನ್ಯೂಜಿಲೆಂಡಿನ ಅಧಿಕಾರಿಗಳು ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಸುಮಾರು ೮,೫೦೦ ಮಂದಿ, ಎಂದರೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು, ಮಣ್ಣುಪಾಲಾದರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಪಾಯರ್ ಹಡಗುಗಳನ್ನು ದಡಕ್ಕೆ ಸೇರಿಸದೆ ನಿಲ್ಲಿಸಿದ್ದರಿಂದ ಒಬ್ಬರೂ ಸಾಯಲಿಲ್ಲ. ಆಗ ಆ್ಯಗಿಗೆ ೨೧ ವರ್ಷ, ಮದುವೆಯಾಗಿ ವರ್ಷ ಕಳೆದಿತ್ತು. ಆ ನಾಡಿನಲ್ಲಿ ಆ ವಯಸ್ಸಿನವರೆಲ್ಲರ ನೆನಪಿನ ತಳದಲ್ಲಿ ಆ ನವೆಂಬರ್ ಕಲ್ಲಿನಂತೆ ಕುಳಿತಿತ್ತು. ಅದರ ಕಹಿಯೇ ಮುಂದೆ ‘ಮಾವು’ ಎಂಬ ಅಹಿಂಸಾತ್ಮಕ ಚಳವಳಿಗೆ ಗೊಬ್ಬರವಾಯಿತೆನ್ನಬೇಕು. ಅದರ ಮುಂದಾಳುಗಳಲ್ಲಿ ಒಬ್ಬನಾದ ಓಲಾಫ್ ನೆಲ್ಸನ್ನನೂ ಇವಳಂತೆಯೇ ಎರಡು ರಕ್ತದವನು. ೧೯೨೮ರಲ್ಲಿ ಅವನನ್ನು ಗಡೀಪಾರು ಮಾಡಿದರು. ಮರುವರ್ಷ ಡಿಸೆಂಬರ್ ೨೮ರಂದು ಆಪಿಯಾದ ಬೀದಿಯಲ್ಲಿ ಮೆರವಣಿಗೆಯ ಮೇಲೆ ಗುಂಡು ಹಾರಿ, ನಾಯಕ ತಮಸೆಸೆ ಬಲಿಯಾದನು.

ಸಂಸಾರದಲ್ಲೂ ನೆಮ್ಮದಿಯಿರಲಿಲ್ಲ. ಹಡಗಿನ ಕಂಪನಿಯೊಂದರ ವ್ಯವಸ್ಥಾಪಕನಾಗಿದ್ದ ಮೊದಲ ಗಂಡ ಹೇ-ಮೆಕೆಂಜಿ ಅಕಾಲದಲ್ಲಿ ತೀರಿಕೊಂಡನು. ೧೯೨೬ರಲ್ಲಿ ಕೈಹಿಡಿದ ಚಾರ್ಲಿ ಗ್ರೇಗೆ ಜೂಜಿನ ಗೀಳು, ಇದ್ದದ್ದೆಲ್ಲ ಕರಗಿತು. ಮನೆ ತುಂಬ ಮಕ್ಕಳು, ಪೆಟ್ಟಿಗೆಯಲ್ಲಿ ಬಿಡಿಗಾಸಿಲ್ಲ. ಇಂಥ ಹೊತ್ತಿನಲ್ಲಿ ಯುದ್ಧ ಬಂದಿತು.

ಲೋಕಕ್ಕೆಲ್ಲ ಶಾಪವಾದ ಯುದ್ಧ ಒಬ್ಬಳು ಬಡ ತಾಯಿಗೆ ವರವಾದದ್ದು ವಿಧಿಯ ವಿಚಿತ್ರಗಳಲ್ಲಿ ಒಂದು. ೧೯೪೨ರಲ್ಲಿ ಜಪಾನೀಯರ ಮುನ್ನಡೆಯನ್ನು ತಡೆಯಲು ಅಮೆರಿಕದ ಸೈನಿಕರು ಸಾವಿರಗಟ್ಟಲೆಯಾಗಿ ಉಪೋಲುವಿಗೆ ಬಂದಿಳಿದರು. ಫಲೆವೋಲೊದಲ್ಲಿ ವಿಮಾನದ ಓಟದ ಹಾದಿ ಸಿದ್ಧವಾಯಿತು. ಹದಿನೆಂಟು ಇಪ್ಪತ್ತರ ಹುಡುಗರು. ಹೆಚ್ಚಿನವರು ಹಿಂದೆಂದೂ ಸಮುದ್ರ ದಾಟಿದವರಲ್ಲ. ನಾಳೆ ಯಾವ ದ್ವೀಪದಲ್ಲಿ ಹೆಣವಾಗುವೆವೋ ಎಂಬ ಅರಿವು ಎದೆಯ ಮೂಲೆಯಲ್ಲಿ ಇದ್ದೇ ಇತ್ತು. ಅವರಿಗೆ ಬೇಕಾಗಿದ್ದುದು ಊರಿನ ರುಚಿ, ಬಾಯ್ತುಂಬ ಮಾತನಾಡಿಸುವ ತಾಯಿ. ಆ್ಯಗಿ ೧೮೦ ಡಾಲರ್ ಸಾಲ ಎತ್ತಿ, ಹಿಂದೆ ಹೋಟೆಲಾಗಿದ್ದ ಹಳೆಯ ಕಟ್ಟಡವೊಂದನ್ನು ಕೊಂಡಳು. ಮಾಂಸದ ಹ್ಯಾಂಬರ್ಗರನ್ನೂ ಬಿಸಿ ಕಾಫಿಯನ್ನೂ ಮಾಡಿ ಮಾರತೊಡಗಿದಳು. ವೈಸಿಂಗಾನೊ ಹೊಳೆ ಸಮುದ್ರ ಸೇರುವ ಕಡೆ, ಬಂದರಿಗೆ ಎದುರಾಗಿದ್ದ ಆ ಮನೆಗೆ ಸೈನಿಕರು ಇರುವೆಯ ಸಾಲಿನಂತೆ ಬಂದರು. ಆಗ ಅವಳಿಗೆ ೪೫ರ ಹತ್ತಿರ. ಹುಡುಗರ ತಾಯಂದಿರಿಗೂ ಹೆಚ್ಚುಕಡಿಮೆ ಅಷ್ಟೇ ಆಗಿರಬೇಕು.

ಅವಳ ಹೆಸರನ್ನು ದೂರದೂರಕ್ಕೆ ಹಬ್ಬಿಸಿದ್ದು ಒಂದು ಪುಸ್ತಕ. ನೌಕಾಪಡೆಯಲ್ಲಿದ್ದು ಆ ದ್ವೀಪಗಳನ್ನು ಸುತ್ತಿದ ಜೇಮ್ಸ್ ಮಿಚೆನರ್ ೧೯೪೭ರಲ್ಲಿ ‘ಟೇಲ್ಸ್ ಆಫ್ ದಿ ಸೌತ್ ಪೆಸಿಫಿಕ್’ ಎಂಬ ಕಥಾಸಂಕಲನವನ್ನು ಪ್ರಕಟಿಸಿದನು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. ೧೯೪೯ರಲ್ಲಿ ಅದು ಸಂಗೀತನಾಟಕವಾಯಿತು, ೧೯೫೮ರಲ್ಲಿ ಚಲನಚಿತ್ರವಾಯಿತು. ಸಿಪಾಯಿಗಳಿಗೆ ಹುಲ್ಲಿನ ಲಂಗ ಮಾರಿ ಹಣ ಬಾಚುವ ‘ಬ್ಲಡಿ ಮೇರಿ’ ಎಂಬ ಚತುರ ಮುದುಕಿಯ ಪಾತ್ರಕ್ಕೆ ಆ್ಯಗಿಯೇ ಮೂಲವೆಂದು ಜನ ಮಾತನಾಡಿಕೊಂಡರು. ಪ್ರವಾಸಿಗಳು ಇಂದಿಗೂ ಹಾಗೆಯೇ ಹೇಳುವುದುಂಟು. ಕಥೆಯ ಮೇರಿಯಾದರೋ ಟಾಂಕಿನ್ ಪ್ರಾಂತದ ಹೆಂಗಸು, ಸಮೋವಾದವಳಲ್ಲ. ವ್ಯಾಪಾರದ ಜಾಣತನ ಇಬ್ಬರಲ್ಲೂ ಇತ್ತೆಂಬುದು ನಿಜ. ಆದರೆ ಮೇರಿ ಗಿರಾಕಿಗಳನ್ನು ಕಂಡಳು, ಆ್ಯಗಿ ಅತಿಥಿಗಳನ್ನು ಕಂಡಳು. ಇಷ್ಟು ದೊಡ್ಡ ವ್ಯತ್ಯಾಸವನ್ನು ಮರೆತು ಹೋಲಿಸುವುದು ನ್ಯಾಯವಲ್ಲ.

ಸಮೋವಾದ ‘ಫಲೆ’ ಎಂಬ ಮನೆಯನ್ನು ಬಲ್ಲವರಿಗೆ ಈ ಮಾತು ಸ್ಪಷ್ಟವಾದೀತು. ಅದಕ್ಕೆ ಗೋಡೆಗಳಿಲ್ಲ. ಸುತ್ತ ಕಂಬ, ಮೇಲೆ ಮಾಡು, ನೆಲದ ಮೇಲೆ ಚಾಪೆ. ಮಳೆ ಬಂದಾಗ ತೆಂಗಿನ ಗರಿಯ ತಡಿಕೆಯನ್ನು ಇಳಿಬಿಟ್ಟರೆ ಆಯಿತು. ಬಾಗಿಲೇ ಇಲ್ಲದ ಮನೆಯಲ್ಲಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಪ್ರಶ್ನೆಯೆಲ್ಲಿ? ಪೆಲೆಯ ಮಗಳು ಈ ಪದ್ಧತಿಯನ್ನೇ ಹೋಟೆಲಿಗೆ ತಂದಳು. ಯುದ್ಧ ಮುಗಿದು ಸೈನಿಕರು ಹೋದ ಮೇಲೂ ಅದೇ ಅವಳನ್ನು ಕಾಪಾಡಿತು. ೧೯೫೧ರ ಕೊನೆಯಲ್ಲಿ ಆಕ್ಲೆಂಡಿನಿಂದ ತಹೀತಿಗೆ ಹಾರುವ ದೋಣಿಗಳು, ಎಂದರೆ ನೀರಿನ ಮೇಲೆಯೇ ಇಳಿಯುವ ವಿಮಾನಗಳು, ಸಂಚಾರ ಆರಂಭಿಸಿದವು. ಉಪೋಲುವಿನ ಹಿನ್ನೀರಿನಲ್ಲಿ ಇಳಿದ ಪ್ರಯಾಣಿಕರಿಗೆ ಆ್ಯಗಿಯ ಮನೆಯೇ ತಂಗುದಾಣ. ಮಿಚೆನರನ ಮತ್ತೊಂದು ಕಥೆಯನ್ನಾಧರಿಸಿದ ‘ರಿಟರ್ನ್ ಟು ಪ್ಯಾರಡೈಸ್’ ಚಿತ್ರಕ್ಕಾಗಿ ಬಂದ ನಟ ಗ್ಯಾರಿ ಕೂಪರ್ ಕೂಡ ಅವಳ ಅತಿಥಿ. ಚಿತ್ರ ೧೯೫೩ರಲ್ಲಿ ತೆರೆಕಂಡಿತು. ಮುಂದೆ ಹೋಟೆಲಿನ ಕುಟೀರವೊಂದಕ್ಕೆ ಅವನ ಹೆಸರಿಟ್ಟರು.

ಅಲ್ಲಿಯ ಉತ್ಸವದ ರಾತ್ರಿಗೆ ‘ಫಿಯಾಫಿಯಾ’ ಎಂದು ಹೆಸರು. ಆ ಮಾತಿನ ಅರ್ಥವೇ ಸಂತೋಷ. ಕಾದ ಕಲ್ಲುಗಳ ಒಲೆಯಲ್ಲಿ ಬೆಂದ ಕೆಸುವಿನ ಗಡ್ಡೆ, ಎಳೆಯ ಕೆಸುವಿನೆಲೆಯಲ್ಲಿ ತೆಂಗಿನ ಹಾಲನ್ನು ಕಟ್ಟಿ ಬೇಯಿಸಿದ ‘ಪಾಲುಸಾಮಿ’ (ಪತ್ರೊಡೆ ಬಲ್ಲ ನಮ್ಮ ಗೃಹಿಣಿಯರಿಗೆ ಇದು ತೀರ ಅಪರಿಚಿತವೆನಿಸದು), ಹಾಡು, ಕುಣಿತ. ಕೊನೆಗೆ ಕಿವಿಯ ಮೇಲೆ ಹೂ ಮುಡಿದು ಆ್ಯಗಿ ‘ಸಿವ’ ನೃತ್ಯಕ್ಕೆ ಏಳುವಳು. ಸಿವದಲ್ಲಿ ಅಬ್ಬರವಿಲ್ಲ. ಪಾದ ನೆಲದಲ್ಲಿ ಮೆಲ್ಲನೆ ಸರಿಯುತ್ತದೆ, ಕೈಗಳು ಮಾತನಾಡುತ್ತವೆ. ಮುಪ್ಪಿಗೆ ಕೈಗಳ ಮೇಲೆ ಅಷ್ಟು ಬೇಗ ಅಧಿಕಾರ ಸಿಕ್ಕುವುದಿಲ್ಲ. ಕಾಲು ತಡವರಿಸುವ ವಯಸ್ಸಿನಲ್ಲೂ ಆಕೆ ಕುಣಿದಳು, ನೋಡಿದವರು ಮರೆಯಲಿಲ್ಲ.

೧೯೮೮ರ ಜೂನಿನಲ್ಲಿ, ತನ್ನ ೯೦ನೆಯ ವಯಸ್ಸಿನಲ್ಲಿ, ಆ್ಯಗಿ ಗ್ರೇ ಕಣ್ಮುಚ್ಚಿದಳು. ಸಮೋವಾದಲ್ಲಿ ಸತ್ತ ಹಿರಿಯರನ್ನು ದೂರಕ್ಕೆ ಒಯ್ಯುವ ರೂಢಿ ಕಡಿಮೆ. ಮನೆಯ ಮುಂದಿನ ಅಂಗಳದಲ್ಲಿಯೇ ಸಮಾಧಿ; ಮೊಮ್ಮಕ್ಕಳು ಅದರ ಮೇಲೆಯೇ ಕುಳಿತು ಆಡುವರು, ಒಗೆದ ಬಟ್ಟೆ ಹರವುವರು, ಸಂಜೆ ಹರಟುವರು. ಅಜ್ಜಿ ಮನೆ ಬಿಟ್ಟು ಹೋದಳೆಂದು ಯಾರಿಗೂ ಅನ್ನಿಸುವುದಿಲ್ಲ. ಆ್ಯಗಿಯ ಮನೆಗೆ ಬಂದ ಮೊಮ್ಮಕ್ಕಳೋ ನಾನಾ ದೇಶದವರು. ಅವರಿಗೆ ಅಂಗಳವೆಂದರೆ ಆ ಹೋಟೆಲೇ. ಮಗ ಆಲನ್ ಗ್ರೇ ಮತ್ತು ಅವನ ಮನೆಯವರು ಅದನ್ನು ನಡೆಸಿಕೊಂಡು ಬಂದರು.

೨೦೧೨ರ ಡಿಸೆಂಬರಿನಲ್ಲಿ ‘ಇವಾನ್’ ಎಂಬ ಚಂಡಮಾರುತ ಎದ್ದಿತು. ಎಪ್ಪತ್ತು ವರ್ಷ ಪಕ್ಕದಲ್ಲಿ ಹರಿದ ವೈಸಿಂಗಾನೊ ಹೊಳೆಯೇ ಉಕ್ಕಿ ಬಂದು ಒಳನುಗ್ಗಿತು, ಹೋಟೆಲ್ ಮುಚ್ಚಿತು. ಗ್ರೇ ಕುಟುಂಬದ ಕೈಬಿಟ್ಟು ಅದು ಬೇರೆಯವರ ಪಾಲಾಯಿತು. ೨೦೧೬ರಲ್ಲಿ ಮತ್ತೆ ಬಾಗಿಲು ತೆರೆದಾಗ ಮುಂದಿನ ಫಲಕದ ಮೇಲೆ ಜಗತ್ತಿನ ದೊಡ್ಡ ಹೋಟೆಲ್ ಸಂಸ್ಥೆಯೊಂದರ ಹೆಸರಿತ್ತು. ಅದರ ಜೊತೆಯಲ್ಲಿಯೇ, ಹ್ಯಾಂಬರ್ಗರ್ ಮಾರಿದ ಅಜ್ಜಿಯ ಹೆಸರೂ ಇತ್ತು.